ಅಮ್ಮ ಹೆಸರು ಹೇಳುವವರು

ಅಗಾದೆಜ್
ಮಂಗಳವಾರ, 18 ಅಕ್ಟೋಬರ್ 2016

ಪ್ರೀತಿಯ ತಮ್ಮಾ, ಎಫಾದ್,

ಹೇಗಿದ್ದೀಯ? ಮೈ ಹೇಗಿದೆ, ದಣಿವು ಹೇಗಿದೆ, ಅಲ್ಲಿಯ ಬಿಸಿಲು ಹೇಗಿದೆ, ಜೊತೆಯವರು ಹೇಗಿದ್ದಾರೆ? ಹೊತ್ತಿಗೆ ಸರಿಯಾಗಿ ಉಣ್ಣುತ್ತೀಯೋ, ಚಹಾ ಕುಡಿದೇ ದಿನ ದೂಡುತ್ತೀಯೋ? ಎದುರಿಗಿದ್ದಿದ್ದರೆ ಇಷ್ಟಕ್ಕೂ ಒಂದೇ ಉಸಿರಿನಲ್ಲಿ "ಎಲ್ಲಾ ಆರಾಮ್, ಎಲ್ಲಾ ಆರಾಮ್" ಅಂದು ನನ್ನ ಬಾಯಿ ಮುಚ್ಚಿಸುತ್ತಿದ್ದೆ. ಈಗ ಕೇಳುವವಳೂ ನಾನೇ, ಆರಾಮ್ ಅಂದುಕೊಳ್ಳುವವಳೂ ನಾನೇ. ನೀನು ಜಾದೋದ ಚಿನ್ನದ ಗುಂಡಿಗಳನ್ನು ಬಿಟ್ಟು, ಗಡಿ ದಾಟಿ, ಸೆಭಾದ ಯಾವುದೋ ಗ್ಯಾರೇಜಿನಲ್ಲಿ ಕೆಲಸಕ್ಕೆ ಸೇರಿದ್ದೀಯ ಎಂದು ಲಾರಿ ಡ್ರೈವರ್ ಅತ್ತಾಹೇರ್‌ಗೆ ಯಾರೋ ಹೇಳಿದರಂತೆ. ಆ ಯಾರೋ ಯಾರು ಎಂದರೆ ಅವನಿಗೂ ಗೊತ್ತಿಲ್ಲ, ಅದಕ್ಕೇ ಅಮ್ಮನ ಕಿವಿಗೆ ಹಾಕಿಲ್ಲ. ನಿನ್ನ ಹಳೆಯ ನಂಬರಿಗೆ ಫೋನ್ ಮಾಡಿದರೆ ಒಬ್ಬ ಹೆಂಗಸಿನ ದನಿ ಅರಬ್ಬಿಯಲ್ಲಿ ಅದನ್ನೇ ಮತ್ತೆ ಮತ್ತೆ ಹೇಳುತ್ತದೆ. ಹೋದ ಬಿಯಾನು ಹಬ್ಬಕ್ಕೂ ನಿನ್ನಿಂದ ಒಂದು ಸಲಾಮು ಬರಲಿಲ್ಲ, ಹೋದ ವಾರ ಮುಗಿದ ಈ ಬಿಯಾನುವಿಗೂ ಬರಲಿಲ್ಲ. ಬೈಯಲೆಂದು ಕೂತಿಲ್ಲ, ಹೆದರಬೇಡ. ಬೈಗುಳವನ್ನೆಲ್ಲ ನೀನು ಬರುವ ದಿನಕ್ಕೆ ಎತ್ತಿಟ್ಟಿದ್ದೇನೆ. ಅತ್ತಾಹೇರ್ ಇವತ್ತು ಉತ್ತರಕ್ಕೆ ಹೊರಡುತ್ತಾನೆ, ಈ ಕಾಗದ ಅವನ ಜೇಬಿನಲ್ಲಿ ಬರುತ್ತದೆ.

ಅಮ್ಮ ಆರೋಗ್ಯವಾಗಿದ್ದಾಳೆ. ಮಂಡಿ ಗಟ್ಟಿಯಾಗಿದೆ, ನಾಲಿಗೆ ಅದಕ್ಕಿಂತ ಗಟ್ಟಿಯಾಗಿದೆ. ಕಣ್ಣು ಮಾತ್ರ ಸರಿಯಿಲ್ಲ. ಬಲಗಣ್ಣಿಗೆ ಪೊರೆ ಪೂರ್ತಿ ಬಂದಿದೆ, ಎಡಗಣ್ಣಿಗೂ ಇಳಿಯುತ್ತಿದೆ. ಚಳಿಗಾಲದಲ್ಲಿ ಕಣ್ಣಿನ ಡಾಕ್ಟರು ಬರುತ್ತಾರೆ, ತೆಗೆಸಿಬಿಡೋಣ ಎಂದರೆ "ನೋಡ್ಬೇಕಾದ್ದೆಲ್ಲ ನೋಡಾಯ್ತು, ಇನ್ಯಾರ ಮುಖ ನೋಡೋದಿದೆ" ಎನ್ನುತ್ತಾಳೆ. ಹಟಮಾರಿ. ನಾನು ಬಿಡುವುದಿಲ್ಲ, ಅದು ಬೇರೆ ಮಾತು. ಆದರೆ ಆ ಕಣ್ಣಿನಿಂದಾಗಿ ನನ್ನ ಕೆಲಸಕ್ಕೂ ಈಗ ಅವಸರ ಬಂದಿದೆ.

ಹೌದಪ್ಪಾ, ನನಗೆ ಕೆಲಸ ಸಿಕ್ಕಿದೆ. ನಗಬೇಡ. ಶಾಲೆಯ ಗೋಡೆ ಹಾರಿ ಓಡಿಬರುತ್ತಿದ್ದ ನಿನ್ನ ಅಕ್ಕ ಈಗ ದಾಖಲೆಗಳನ್ನು ಕಾಯುವವಳು. ನಿನ್ನ ಕಿವಿ ಹಿಂಡಿ ಭೂಗೋಳ ಕಲಿಸಿದ ಇದ್ರೀಸಾ ಮೇಷ್ಟ್ರು ನೆನಪಿದ್ದಾರಲ್ಲ, ಜಿಂದರಿನವರು, ನಿವೃತ್ತರಾದ ಮೇಲೂ ತಮ್ಮ ಊರಿಗೆ ಹೋಗದೆ ಇಲ್ಲೇ ಉಳಿದರು. ದೊಡ್ಡ ಮಸೀದಿಯ ಹಿಂದೆ, ದರ್ಜಿಗಳ ಓಣಿಯಲ್ಲಿ, ಒಂದು ಮಣ್ಣಿನ ಮನೆ ಹಿಡಿದು ಅದಕ್ಕೆ 'ಊರಿನ ನೆನಪಿನ ಮನೆ' ಎಂದು ಬೋರ್ಡು ಹಾಕಿದ್ದಾರೆ. ಮೊದಮೊದಲು ಜನ ತಣ್ಣೀರು ಕುಡಿಯಲು ಮಾತ್ರ ಬರುತ್ತಿದ್ದರು. ಆಮೇಲೆ ಹಳೆಯ ಮದುವೆ ಕರಾರು, ಬಾವಿಯ ಜಗಳದ ತೀರ್ಪು, ಅಜ್ಜಂದಿರ ಪೆಟ್ಟಿಗೆಯಲ್ಲಿದ್ದ ಏನೇನೋ ತಂದು ಕೊಡತೊಡಗಿದರು. ಈ ವರ್ಷ ಹಳೇ ಪೇಟೆಯ ಫೋಟೊ ಸ್ಟುಡಿಯೊ ಮುಚ್ಚಿತು. ಮೊಮ್ಮಕ್ಕಳು ಅಂಗಡಿಯಲ್ಲಿ ಮೊಬೈಲ್ ಕವರು ಮಾರುತ್ತಾರಂತೆ. ಅಜ್ಜ ತೆಗೆದ ಫೋಟೊಗಳ ಡಬ್ಬಗಳನ್ನು ಕಸಕ್ಕೆ ಹಾಕುವವರಿದ್ದರು. ಮೇಷ್ಟ್ರು ಓಡಿದರು, ನಾನು ಕತ್ತೆಗಾಡಿ ಹಿಡಿದು ಹಿಂದೆ ಓಡಿದೆ. ಆವತ್ತಿನಿಂದ ನನ್ನ ಕೆಲಸ ಫೋಟೊಗಳ ಧೂಳು ಕುಂಚದಿಂದ ಕೊಡವುವುದು, ಗೆದ್ದಲು ಹತ್ತದಂತೆ ಒಣ ಬೇವಿನೆಲೆ ಹಾಕಿ ಬಟ್ಟೆಯಲ್ಲಿ ಸುತ್ತುವುದು, ಹಿಂದುಗಡೆ ಪೆನ್ಸಿಲ್ಲಿನಲ್ಲಿ ಯಾರು, ಎಲ್ಲಿ, ಯಾವಾಗ ಎಂದು ಬರೆಯುವುದು. ಬೆಳಿಗ್ಗೆ ಒರೆಸಿದ್ದರ ಮೇಲೆ ಮಧ್ಯಾಹ್ನಕ್ಕೆ ಮತ್ತೆ ಮರಳು ಕೂತಿರುತ್ತದೆ. ಆದರೂ ನನಗೆ ಈ ಕೆಲಸದ ಹುಚ್ಚು ಹಿಡಿದಿದೆ, ಎಫಾದ್. ಈಗ ಬಸ್ಸು ನಿಲ್ಲುವ ಜಾಗದಲ್ಲಿ ಆಗ ಒಂಟೆಗಳು ಮಲಗಿರುವುದನ್ನು ಫೋಟೊದಲ್ಲಿ ನೋಡಿದರೆ, ಇನ್ನೂ ಏನೇನಿತ್ತಪ್ಪಾ ಎಂದು ಜೀವ ಚಡಪಡಿಸುತ್ತದೆ.

'ಎಲ್ಲಿ' ಎಂಬುದು ಸುಲಭ, 'ಯಾವಾಗ' ಎಂಬುದೂ ಹೇಗೋ ಆಗುತ್ತದೆ. 'ಯಾರು' ಎಂಬಲ್ಲಿ ತಲೆ ಚಿಟ್ಟು ಹಿಡಿಯಿತು. ನಮ್ಮ ಗಂಡಸರೋ, ಫೋಟೊಕ್ಕೆ ನಿಂತಾಗಲೂ ಮುಂಡಾಸಿನಿಂದ ಮೂಗಿನವರೆಗೆ ಮುಚ್ಚಿಕೊಂಡವರು. ಕಾಣುವುದು ಎರಡು ಕಣ್ಣು. ಮೇಷ್ಟ್ರು ಒಂದು ದಿನ ಕೈಚೆಲ್ಲಿ ಕೂತರು. "ಇದೇನಮ್ಮಾ ಗೈಶಾ, ಇದು ಊರಿನ ಇತಿಹಾಸವೋ, ಬಟ್ಟೆ ಮೂಟೆಗಳ ಸಾಲೋ?" ನಾನು ಅಮ್ಮನನ್ನು ಕರೆದುಕೊಂಡು ಹೋದೆ. ಅವಳು ಫೋಟೊವನ್ನು ಎಡಗಣ್ಣಿಗೆ ತಾಗುವಷ್ಟು ಹತ್ತಿರ ಹಿಡಿದಳು, ಆದರೆ ತಲೆಕೆಳಗಾಗಿ. ತಿರುಗಿಸಿಕೊಡಲು ಹೋದರೆ ಕೈಗೆ ಹೊಡೆದಳು. ಅವಳು ನೋಡುತ್ತಿದ್ದುದು ಕಾಲುಗಳನ್ನು! "ಮುಖ ಯಾರು ಬೇಕಾದ್ರೂ ಮುಚ್ಕೋಬಹುದು, ಪಾದ ಎಲ್ಲಿ ಮುಚ್ತಾರೆ?" ಎಂದಳು. ಹಿಮ್ಮಡಿ, ಬೆರಳು, ನಿಂತ ಭಂಗಿ ನೋಡಿ ಒಬ್ಬೊಬ್ಬರನ್ನೇ ಗುರುತು ಹಿಡಿದಳು. ಬದುಕಿರುವವರ ಹೆಸರನ್ನು ಊರಿಗೆಲ್ಲ ಕೇಳುವ ಹಾಗೆ ಹೇಳಿದಳು, ಜೊತೆಗೆ ಒಂದು ಬೈಗುಳ ಉಚಿತ. ಮಿಕ್ಕವರ ವಿಷಯ ನಿನಗೆ ಗೊತ್ತೇ ಇದೆ. ಮೇಷ್ಟ್ರಿಗೆ ಗೊತ್ತಿರಲಿಲ್ಲ. "ಇವರ ಹೆಸರು?" ಎಂದು ಪೆನ್ಸಿಲ್ ಹಿಡಿದರು. "ಅವನ ಒಂಟೆ ಅವನಿಗಿಂತ ಬುದ್ಧಿವಂತ" ಎಂದಳು ಅಮ್ಮ. "ಆಯ್ತು, ಹೆಸರು?" "ಹೆಂಡ್ತಿಗೆ ಹೆದರಿ ಬಿಲ್ಮಾಕ್ಕೆ ಉಪ್ಪು ತರೋಕೆ ಹೋದೋನು." ಪಾಪ, ಮೇಷ್ಟ್ರು ಅದನ್ನೇ ಹೆಸರಿನ ಜಾಗದಲ್ಲಿ ಬರೆದುಬಿಟ್ಟರು! ಆಮೇಲೆ ನಾನು ಅವರನ್ನು ಹೊರಗೆ ಕರೆದು ಹೇಳಬೇಕಾಯಿತು: ನಮ್ಮ ಹಿರಿಯರು ತೀರಿಹೋದ ತಮ್ಮವರ ಹೆಸರನ್ನು ನಾಲಿಗೆಯ ಮೇಲೆ ತರುವುದಿಲ್ಲ ಮೇಷ್ಟ್ರೇ, ಮಲಗಿದವರನ್ನು ಯಾಕೆ ಕೂಗಿ ಎಬ್ಬಿಸುವುದು ಎನ್ನುತ್ತಾರೆ. "ಹಾಗಾದ್ರೆ ನಿಮ್ಮೂರಿನ ಚರಿತ್ರೆ ಬರೆಯೋದು ಹೇಗೆ?" ಎಂದು ಅವರು ಗೋಳಾಡಿದ್ದು ಒಳಗಿದ್ದ ಅಮ್ಮನಿಗೆ ಕೇಳಿಸಿತು. "ನಾವೇನು ಬರೀರಿ ಅಂದ್ವಾ?" ಎಂದಳು.

ಉಪಾಯ ಹೊಳೆದದ್ದು ನನಗೇ, ಬೆನ್ನು ತಟ್ಟು. ಬತೂಲಾಳನ್ನು ಕರೆಸಿದೆ. ನಮ್ಮ ಮನೆತನದ ಕಮ್ಮಾರರ ಹೆಂಗಸು, ನಾವು ನಾಚಿಕೆಯಿಂದ ಬಾಯಿಬಿಡಲಾಗದ್ದನ್ನೆಲ್ಲ ನಮ್ಮ ಪರವಾಗಿ ಹೇಳುವುದು ಅವಳ ಹಕ್ಕು. ನನ್ನ ಮದುವೆಯ ಮಾತುಕತೆಯಲ್ಲಿ ಅವಳು ಆಡಿದ ಮಾತು ನೆನೆದರೆ ನನಗೆ ಇವತ್ತಿಗೂ ಮುಖ ಮುಚ್ಚಿಕೊಳ್ಳಬೇಕು ಅನ್ನಿಸುತ್ತದೆ. ಅವಳ ಬಾಯಿಗೆ ಬೀಗ ಮಾಡುವ ಕಮ್ಮಾರ ಅವಳ ಕುಲದಲ್ಲೇ ಹುಟ್ಟಿಲ್ಲ. ಈಗ ನಮ್ಮ ಕೆಲಸ ಹೀಗೆ ನಡೆಯುತ್ತದೆ: ಅಮ್ಮ ಪಾದ ನೋಡಿ ಸುಳಿವು ಕೊಡುತ್ತಾಳೆ, ಬತೂಲಾ ಹೆಸರು ಕೂಗುತ್ತಾಳೆ, ಮೇಷ್ಟ್ರು ಬರೆಯುತ್ತಾರೆ, ನಾನು ಚಹಾ ಕಾಯಿಸುತ್ತೇನೆ. ಬತೂಲಾಗೆ ಚಹಾಕ್ಕಿಂತ ಸಕ್ಕರೆಯೇ ಹೆಚ್ಚು ಬೇಕು. "ಸತ್ತೋರ ಹೆಸ್ರು ಹೇಳಿ ಹೇಳಿ ಬಾಯಿ ಕಹಿಯಾಯ್ತು, ಇನ್ನೊಂದು ಗಡ್ಡೆ ಹಾಕೇ" ಎನ್ನುತ್ತಾಳೆ. ಒಂದು ಫೋಟೊದಲ್ಲಿ ತೆಳ್ಳಗಿನ ಒಬ್ಬ ಹುಡುಗಿ ದೊಡ್ಡ ಕತ್ತಿ ಹಿಡಿದು ನಿಂತಿದ್ದಾಳೆ. ಯಾರಿವಳು ಎಂದರೆ ಅಮ್ಮ ಮುಂದಿನ ಫೋಟೊ ಕೊಡು ಎಂದು ಕೈ ಚಾಚಿದಳು. ಬತೂಲಾ ಬಿದ್ದು ಬಿದ್ದು ನಕ್ಕು ಅಮ್ಮನ ಕಡೆಗೇ ಬೆರಳು ತೋರಿಸಿದಳು! ಅಜ್ಜನ ಕತ್ತಿ ಕದ್ದುಕೊಂಡು ಸ್ಟುಡಿಯೊಗೆ ಹೋಗಿದ್ದಳಂತೆ ನಮ್ಮಮ್ಮ. ಯಾಕೆ ಎಂದು ನಾನು ಕೇಳದ ದಿನವಿಲ್ಲ. "ಸುಮ್ನೆ" ಎನ್ನುತ್ತಾಳೆ. ಸುಮ್ಮನೆ ಯಾರಾದರೂ ಕತ್ತಿ ಹಿಡಿಯುತ್ತಾರೆಯೇ? ನಿನಗೇನಾದರೂ ಹೇಳಿದ್ದಳೇ?

ಇನ್ನು ಗುಮೂರ್ ಮಾವನ ಪ್ರಸಂಗ ಕೇಳು. ಉಪ್ಪಿನ ಒಂಟೆಸಾಲಿನವರ ಒಂದು ಫೋಟೊದಲ್ಲಿ ಅಮ್ಮ ಒಬ್ಬರ ಕಾಲು ನೋಡಿ "ಇವನು ನಮ್ಮ ಸೋದರಮಾವನ ಮಗ, ಹೆಬ್ಬೆರಳಿಲ್ಲದೋನು" ಎಂದು ಮುಂದಕ್ಕೆ ಹೋದಳು. ಹೆಸರು ಹೇಳಲಿಲ್ಲ. ಬತೂಲಾ ಎದೆ ಹೊಡೆದುಕೊಂಡಳು. "ಅಯ್ಯೋ, ಗುಮೂರ್! ಯಾವಾಗ ಹೋದ?" ಅಷ್ಟೇ. ಸಂಜೆಯ ನಮಾಜಿನ ಹೊತ್ತಿಗೆ ಕೇರಿಗೆಲ್ಲ ಸುದ್ದಿ. ಮರುದಿನ ನಮ್ಮ ಅಂಗಳದ ತುಂಬ ಜನ, ಖರ್ಜೂರ ಹಂಚಿದ್ದೇನು, ಕುರಿ ಕೊಯ್ದದ್ದೇನು! ಅಮ್ಮನಿಗೆ ಗೊತ್ತಿದೆಯೆಂದು ಜನ ಬಂದರು, ಜನ ಬಂದರೆಂದು ಅಮ್ಮ ಇನ್ನಷ್ಟು ನಂಬಿದಳು. ಎತ್ತು ಈಯಿತು ಎಂದರೆ ಕೊಟ್ಟಿಗೆಯಲ್ಲಿ ಕಟ್ಟು ಎಂದ ಹಾಗೆ, ಯಾರು ನೋಡಿದ್ದು, ಯಾರು ಹೂಳಿದ್ದು ಎಂದು ಒಬ್ಬರೂ ಕೇಳಲಿಲ್ಲ. ವಾರದೊಳಗೆ ಇಫೆರುವಾನ್ ಕಡೆಯಿಂದ ಈರುಳ್ಳಿ ಲಾರಿಯಲ್ಲಿ ಗುಮೂರ್ ಮಾವ ಸ್ವತಃ ಬಂದಿಳಿದ. ಕೇರಿಯವರನ್ನೆಲ್ಲ ಹಿಂದೆ ಕಟ್ಟಿಕೊಂಡು ಬಾಗಿಲಲ್ಲಿ ಕೋಲೂರಿ ನಿಂತು "ನನ್ನ ಸಾಯಿಸಿ ಊಟ ಹಾಕಿದ್ರಂತೆ, ನನ್ನ ಪಾಲೆಲ್ಲಿ?" ಎಂದ. ನನಗೆ ನಗು ತಡೆಯಲಾಗಲಿಲ್ಲ, ಬತೂಲಾ ಒಲೆಯ ಹಿಂದೆ ಅವಿತುಕೊಂಡಳು. ಅಮ್ಮನೇನು ಸೋಲುವವಳೇ? "ಹಬ್ಬಕ್ಕೆ ಒಂದು ಸಲಾಮು ಹೇಳಿಕಳಿಸದೋನು ಬದುಕಿದ್ದಾನೆ ಅಂತ ನಾನು ಹೆಂಗೆ ತಿಳ್ಕೊಳ್ಲಿ? ಒಂದು ಹಬ್ಬ ನೋಡ್ದೆ, ಎರಡು ಹಬ್ಬ ನೋಡ್ದೆ. ಎಷ್ಟೂಂತ ನಿನ್ನ ಹೆಸ್ರು ಹೇಳ್ಕೊಂಡು ಕೂರ್ಲಿ?" ಮಾವ ಕೂರಲೊಲ್ಲ. "ಅದೆಲ್ಲ ಗೊತ್ತಿಲ್ಲ. ಈ ಜನದೆದುರು ನನ್ನ ಹೆಸ್ರು ಹೇಳು, ಆಮೇಲೆ ಚಹಾ." ಕೊನೆಗೆ ಅಮ್ಮ "ಗುಮೂರ್, ಗುಮೂರ್, ಮುದಿಗತ್ತೆ ಗುಮೂರ್! ಸಾಕಾ?" ಎಂದು ಕೂಗಿದಳು. ಸೆರಗಿನಿಂದ ಕಣ್ಣು ಒರೆಸಿಕೊಂಡದ್ದನ್ನು ನಾನು ನೋಡಿದೆ. ಮಾವ ಮೂರು ಲೋಟ ಚಹಾ ಕುಡಿದು, ಫೋಟೊದ ಒಂದು ಪ್ರತಿ ಕಿತ್ತುಕೊಂಡೇ ಹೋದ.

ಮೇಷ್ಟ್ರು ಪಾಪ, ಬರೆದಿದ್ದನ್ನು ರಬ್ಬರಿನಿಂದ ಅಳಿಸಿದರು. ಅಮ್ಮ ಹೆಸರು ಹೇಳದವರ ಪಕ್ಕದಲ್ಲಿ ಅವರೊಂದು ಸಣ್ಣ ಗೆರೆ ಎಳೆಯುತ್ತಿದ್ದರು, ತೀರಿಹೋದವರು ಎಂಬ ಗುರುತಿಗೆ. ಈಗ ಆ ಗೆರೆ ಎಳೆಯುವ ಮೊದಲು ಊರೂರಿಗೆ ಫೋನ್ ಮಾಡಿ ವಿಚಾರಿಸುತ್ತಾರೆ. "ನಿಮ್ಮಮ್ಮ ಹೆಸರು ಹೇಳಲಿಲ್ಲ ಅಂದ ಮಾತ್ರಕ್ಕೆ ಇಲ್ಲ ಅಂತಲ್ಲ, ಗೈಶಾ" ಎಂದು ನನಗೆ ಪಾಠದ ಹಾಗೆ ಹೇಳಿದರು. ಆ ಮಾತನ್ನು ನಾನು ಬಿಗಿಯಾಗಿ ಹಿಡಿದುಕೊಂಡಿದ್ದೇನೆ.

ಕಾಗದ ತುಂಬುತ್ತಾ ಬಂತು. ಅಕ್ಕಪಕ್ಕದವರೆಲ್ಲ ನಿನ್ನನ್ನು ಕೇಳುತ್ತಾರೆ, ಮೇಷ್ಟ್ರು ಕೂಡ. ನಿನ್ನ ಕಿವಿ ಈಗ ನೆಟ್ಟಗಿದೆಯೇ ಎಂದು ಕೇಳಬೇಕಂತೆ. ನನ್ನ ಮಕ್ಕಳು ಮಾಮ ಬರುವಾಗ ಏನು ತರುತ್ತಾನೆ ಎಂದು ಜಗಳವಾಡುತ್ತಾರೆ. ನೀರು ಹೆಚ್ಚು ಕುಡಿ, ಬಿಸಿಲಿನಲ್ಲಿ ಕಬ್ಬಿಣ ಮುಟ್ಟಬೇಡ, ಕೆಟ್ಟವರ ಜೊತೆ ಸೇರಬೇಡ. ನೀನು ನಡೆವ ದಾರಿ ತಂಪಾಗಿರಲಿ, ದೇವರು ನಿನ್ನನ್ನು ಕೈಬಿಡದಿರಲಿ.

ನಿನ್ನ ಅಕ್ಕ,
ಗೈಶಾ

ಮತ್ತೊಂದು ಮಾತು: ಅತ್ತಾಹೇರ್ ಹೊರಗೆ ಹಾರನ್ ಹೊಡೆಯುತ್ತಿದ್ದಾನೆ. ಇದನ್ನು ಬರೆಯಬಾರದು ಎಂದೇ ಇಷ್ಟು ಹೊತ್ತು ಹರಟಿದೆ, ಆದರೆ ಬರೆಯದೆ ಇರಲಾರೆ. ನಿನ್ನೆ ಕೊನೆಯ ಡಬ್ಬ ತೆಗೆದೆವು. ಅದರಲ್ಲೊಂದು ಬಿಯಾನು ಮೆರವಣಿಗೆಯ ಫೋಟೊ ಇತ್ತು, ನೀನು ಹದಿನಾರರ ಹುಡುಗ, ಕೊರಳಿಗೆ ಡೋಲು. ಯಾರೂ ಮುಖ ಮುಚ್ಚುವ ವಯಸ್ಸಿನವರಲ್ಲ, ಎಲ್ಲರೂ ಹಲ್ಲು ಬಿಟ್ಟಿದ್ದೀರಿ. ಅಮ್ಮ ಒಬ್ಬೊಬ್ಬನ ಹೆಸರನ್ನೂ ಕೂಗಿದಳು, ಇವನು ಕಲಕುವಾ, ಈಗ ಪೊಲೀಸು, ಇವನು ಸಿದಿ, ದರ್ಜಿ. ನಿನ್ನ ಮೇಲೆ ಬೆರಳು ನಿಂತಿತು. "ಇವನು ನನ್ನ ಹೊಟ್ಟೇಲಿ ಹುಟ್ಟಿದೋನು" ಎಂದಳು. ಅಷ್ಟೇ ಹೇಳಿ ಪಕ್ಕದವನಿಗೆ ಹೋದಳು. ಬತೂಲಾ ಕೂಗಬೇಕಿತ್ತು. ಕೂಗಲಿಲ್ಲ, ಲೋಟ ಕೆಳಗಿಟ್ಟು ನೆಲ ನೋಡುತ್ತಾ ಕೂತಳು. ಮೇಷ್ಟ್ರು ಪೆನ್ಸಿಲ್ ಎತ್ತಲಿಲ್ಲ. ನನಗೆ ತಡೆಯಲಾಗಲಿಲ್ಲ, ಎಫಾದ್. ನಾನೇ ಎದ್ದು ನಿಂತು ನಿನ್ನ ಹೆಸರು ಹೇಳಿಬಿಟ್ಟೆ, ಓಣಿಯ ಆ ತುದಿಯವರೆಗೆ ಕೇಳುವ ಹಾಗೆ. ಅಮ್ಮನ ಕೈಯಿಂದ ಫೋಟೊ ಜಾರಿತು. ತಡಕಾಡಿ ನನ್ನ ಮಣಿಕಟ್ಟು ಹಿಡಿದುಕೊಂಡಳು. "ಇದ್ದಾನಾ? ಸುದ್ದಿ ಬಂತಾ? ಗೈಶಾ, ಯಾವಾಗ ಬಂತು? ನಂಗ್ಯಾಕೆ ಹೇಳ್ಲಿಲ್ಲ?" ಎಂದಳು. ನಾನು ಇನ್ನೂ ಏನೂ ಹೇಳಿಲ್ಲ. ಈಗಲೂ ಬಾಗಿಲಲ್ಲೇ ಕೂತು ನನ್ನ ಕಡೆ ಮುಖ ಮಾಡಿಕೊಂಡಿದ್ದಾಳೆ. ಏನು ಹೇಳಲಿ?