ಆಲೂಗಡ್ಡೆ ರಜೆ

ಸೇಂಟ್ ಅಮಾಬಲ್, ಮೇಯ್ನ್
ಶುಭ ಶುಕ್ರವಾರ, ೧೩ ಏಪ್ರಿಲ್ ೧೯೯೦

ನನ್ನ ಪ್ರೀತಿಯ ಮುದುಕಾ,

ಇವತ್ತು ಒಂದೇ ಹೊತ್ತಿನ ಊಟದ ಉಪವಾಸ. ಬೆಳಿಗ್ಗೆ ಒಲೆಯ ಬೂದಿ ತೆಗೆದು, ಕೋಳಿಗಳಿಗೆ ಕಾಳು ಹಾಕಿ, ನೆಲಮಾಳಿಗೆಗೆ ಇಳಿದು ಬಿತ್ತನೆ ಆಲೂಗಡ್ಡೆಯಲ್ಲಿ ಕೊಳೆತದ್ದನ್ನು ಆರಿಸಿ ಹೊರಗೆ ಹಾಕಿ, ಕೈ ತೊಳೆದು ಕೂತಿದ್ದೇನೆ. ಮೂರು ಗಂಟೆಗೆ ಇಗರ್ಜಿಯಲ್ಲಿ ಶಿಲುಬೆ ಹಾದಿಯ ಪ್ರಾರ್ಥನೆ, ಅಷ್ಟರೊಳಗೆ ಈ ಕಾಗದ ಮುಗಿಯಬೇಕು. ನಿನ್ನ ಸೊಂಟನೋವು ಹೇಗಿದೆ? ನಾನು ಹೆಣೆದು ಕಳಿಸಿದ ಉಣ್ಣೆಯ ಪಟ್ಟಿ ಕಟ್ಟಿಕೊಳ್ಳುತ್ತಿದ್ದೀಯೋ, ಇಲ್ಲ ಅದರಿಂದ ಬಿಸಿ ಬಾಣಲೆ ಹಿಡಿಯುತ್ತಿದ್ದೀಯೋ? ಮೇಪಲ್ ಮರಗಳು ಇನ್ನೂ ರಸ ಇಳಿಸುತ್ತಿವೆಯಂತೆ, ಲಾರಿಯ ರೆಜಿಸ್ ಹೇಳಿದ. ನೀನು ಆ ಕಾಡಿನ ಶಿಬಿರದಲ್ಲಿ ಹಗಲೆಲ್ಲ ಆ ರಸ ಕಾಯಿಸಿ ಸಿಹಿ ಪಾಕ ಮಾಡುತ್ತೀಯ, ನಾನಿಲ್ಲಿ ಈ ನಲವತ್ತು ದಿನದ ತಪಸ್ಸು ಕಾಲದ ಹರಕೆಯೆಂದು ಚಹಾಕ್ಕೆ ಸಕ್ಕರೆ ಬಿಟ್ಟಿದ್ದೇನೆ. ದೇವರು ನಮ್ಮಿಬ್ಬರನ್ನೂ ನೋಡಿ ನಗುತ್ತಿರಬೇಕು.

ಈಗ ಕೂತುಕೋ. ಸೌದೆಯ ಮೇಲಾದರೂ ಸರಿ, ಕೂತುಕೊಂಡು ಓದು. ದಪ್ಪ ಲಕೋಟೆ ಬಂತು! ನಮ್ಮ ಒಡೆಟ್‌ಳನ್ನು ಕರೆದಿದ್ದಾರೆ! ನೀನು ಹೆಸರೆತ್ತಲೂ ಬಿಡದ ಆ ಕಾಲೇಜೇ, ಊಟ ವಸತಿ ಎಲ್ಲ ಕೊಟ್ಟು, ನಿನ್ನ ಮಗಳನ್ನು ಕರೆದಿದೆ! ಅಕ್ಷರ ಕೋಳಿ ಕೆದರಿದ ಹಾಗಿದ್ದರೆ ಕ್ಷಮಿಸು.

ಬುಧವಾರ ನಾನು ರೊಟ್ಟಿಯ ಹಿಟ್ಟು ಕಲಸುತ್ತಿದ್ದೆ. ಅಂಚೆ ಕಚೇರಿಯ ದೆಲ್ಫಿನ್, ಬಾಗಿಲಿಗೆ ಬೀಗವನ್ನೂ ಹಾಕದೆ, ರಸ್ತೆಯ ಕೆಸರಿನಲ್ಲಿ ಬೂಟು ಜಾರಿಸಿಕೊಂಡು ಓಡಿ ಬರುತ್ತಿದ್ದಾಳೆ. "ಲಿಯೊನೀ! ದಪ್ಪಗಿದೆ ಕಣೇ! ತಕ್ಕಡೀಲಿಟ್ಟು ನೋಡ್ದೆ, ಐದು ಔನ್ಸು! ಬೇಡ ಅನ್ನೋಕೆ ಐದು ಔನ್ಸು ಕಾಗದ ಯಾರಾದ್ರೂ ದಂಡ ಮಾಡ್ತಾರೇನೇ?" ಹೋದ ವರ್ಷ ಅವಳ ಅಕ್ಕನ ಮಗನಿಗೆ ಸೀಟಿಲ್ಲವೆಂದು ಬಂದದ್ದು ಈರುಳ್ಳಿ ಸಿಪ್ಪೆಯಂಥ ಒಂದೇ ಹಾಳೆ, ಅದಕ್ಕೇ ಅವಳಿಗೆ ತೂಕದ ಮೇಲೆ ಅಷ್ಟು ಭಕ್ತಿ. ಮೂರು ಗಂಟೆಗೆ ಶಾಲೆಯ ಬಸ್ಸು ಬರುವಷ್ಟರಲ್ಲಿ ಊರಿಗೆಲ್ಲ ಗೊತ್ತಾಗಿತ್ತು, ಒಡೆಟ್‌ಗೊಬ್ಬಳಿಗೆ ಬಿಟ್ಟು. ಅವಳು ಒಳಗೆ ಬಂದು, ಹಿಟ್ಟಿನ ಕೈಯಲ್ಲಿ ಕಣ್ಣೊರೆಸಿಕೊಳ್ಳುತ್ತಿದ್ದ ನನ್ನನ್ನು ನೋಡಿ ಬಿಳಿಚಿಕೊಂಡು, "ಅಪ್ಪಂಗೇನಾಯ್ತಮ್ಮಾ?" ಅಂದಳು. ನೋಡು, ಅವಳ ಬಾಯಲ್ಲಿ ಮೊದಲು ಬಂದದ್ದು ನೀನು. ಇದನ್ನು ನೆನಪಿಟ್ಟುಕೊಂಡು ಮುಂದೆ ಓದು.

ಹೋದ ಶರತ್ಕಾಲದಲ್ಲಿ ಇದೇ ಮೇಜಿನ ಮೇಲೆ ಅರ್ಜಿ ಹರಡಿಕೊಂಡು ಕೂತದ್ದು ನಿನಗೆ ನೆನಪಿರಬೇಕು. ತಂದೆ ತಾಯಿ ಓದಿದ ಕಾಲೇಜು ಯಾವುದು, ಯಾವ ವರ್ಷ ಎಂದು ಒಂದು ಚೌಕ ಇತ್ತು. ನೀನು ಬೆರಳಿಟ್ಟು ಹೇಳಿದೆ, "ಇದು ಖಾಲಿ ಇರ್ಲಿ. ನಾನು ಹಿಂಬಾಗಿಲಿಂದ ಹೊರಗೆ ಬಂದೋನು. ನನ್ನ ಮಗಳು ನನ್ನ ಹೆಗಲ ಮೇಲೆ ಕೂತು ಮುಂಬಾಗಿಲಲ್ಲಿ ಒಳಗೆ ಹೋಗೋದು ಬೇಡ." ಅವಳು ತಕರಾರು ಮಾಡಲಿಲ್ಲ. ಚೌಕ ಖಾಲಿ ಬಿಟ್ಟು ನಿನ್ನೆದುರೇ ಲಕೋಟೆ ಅಂಟಿಸಿದಳು.

ಜನವರಿಯಲ್ಲಿ ನಡೆದದ್ದನ್ನು ನಿನಗೆ ನಾವಿಬ್ಬರೂ ಹೇಳಿರಲಿಲ್ಲ. ಪೇಟೆಯ ಹಲ್ಲಿನ ಡಾಕ್ಟರು ಹ್ಯಾಸ್ಕೆಲ್ ಆ ಕಾಲೇಜಿನ ಹಳೆಯ ವಿದ್ಯಾರ್ಥಿ. ಈ ಕಡೆಯಿಂದ ಯಾರು ಅರ್ಜಿ ಹಾಕಿದರೂ ಅವರೇ ಕರೆದು ಮಾತಾಡಿಸಿ ಕಾಲೇಜಿಗೆ ಬರೆಯಬೇಕು. ಅವರ ಹಲ್ಲು ಕೀಳುವ ಕೋಣೆಯಲ್ಲೇ ಮಾತುಕತೆ. ನಾನು ಹೊರಗೆ ಕೂತಿದ್ದೆ, ಬಾಗಿಲು ಅರ್ಧ ತೆರೆದಿತ್ತು. ಅವರು ಒಂದು ದಪ್ಪ ಪುಸ್ತಕ ತೆಗೆದು, "ಮಿಶೋ, ಮಿಶೋ... ಅಲ್ಸಿಡ್ ಮಿಶೋ ನಿಮ್ಮಪ್ಪಾನಾ? ಅರವತ್ತರಲ್ಲಿ ಪದವಿ ಮುಗಿಸಿದ ನಮ್ಮ ತಂಡದ ಪಟ್ಟೀಲಿ ಹೆಸರಿದೆಯಲ್ಲಮ್ಮಾ!" ಎಂದರು. ಆಮೇಲೆ ದನಿ ತಗ್ಗಿಸಿ, "ಆಲೂಗಡ್ಡೆ ರಜೆಗೆ ಊರಿಗೆ ಹೋದ ಹುಡುಗ! ನಾವೆಲ್ಲ ನಕ್ಕಿದ್ವಿ. ನಾನೂ ನಕ್ಕಿದ್ದೆ," ಎಂದರು.

ಆ ಕಥೆ ನೀನು ನನಗೆ ಹೇಳಿದ್ದು ಒಂದೇ ಸಲ, ಮದುವೆಯಾದ ವರ್ಷ. ನಮ್ಮ ಸೀಮೆಯಲ್ಲಿ ಕೊಯ್ಲು ಬಂತೆಂದರೆ ಮೂರು ವಾರ ಶಾಲೆಗಳೆಲ್ಲ ಮುಚ್ಚುತ್ತವೆ, ಮಕ್ಕಳೆಲ್ಲ ಬುಟ್ಟಿ ಹಿಡಿದು ಹೊಲಕ್ಕಿಳಿಯುತ್ತಾರೆ. ಲೋಕವೆಲ್ಲ ಹಾಗೇ ಎಂದುಕೊಂಡು, ಹದಿನೆಂಟರ ನೀನು, ಐವತ್ತಾರರಲ್ಲಿ ಕಾಲೇಜು ಸೇರಿದ ಮೊದಲ ತಿಂಗಳೇ ಯಾರನ್ನೂ ಕೇಳದೆ ಬಸ್ಸು ಹತ್ತಿ ಮನೆಗೆ ಬಂದೆ. ಅಪ್ಪನ ಹೊಲ ಮುಗಿಸಿ, ಉಗುರಿನ ಮಣ್ಣೂ ಹೋಗುವ ಮೊದಲೇ ವಾಪಸು ಹೋದೆ. ಅಲ್ಲಿ ಪಾಠ ಮುಂದೆ ಹೋಗಿತ್ತು, ನೀನು ನಗೆಪಾಟಲಾಗಿದ್ದೆ. ಕ್ರಿಸ್‌ಮಸ್ಸಿಗೆ ಬಂದವನು ಮತ್ತೆ ಆ ಕಡೆ ಮುಖ ಹಾಕಲಿಲ್ಲ. ಆದರೂ ಮೂವತ್ತನಾಲ್ಕು ವರ್ಷದಿಂದ ಅವರ ಪತ್ರಿಕೆ ತಪ್ಪದೆ ಬರುತ್ತದೆ, ನೀನು ತಪ್ಪದೆ ಒಲೆಗೆ ಹಾಕುತ್ತೀಯ. ಹಾಕುವ ಮೊದಲು ಅರವತ್ತನೇ ಇಸವಿಯ ಪುಟ ತಿರುವಿ ನೋಡುವುದನ್ನು ನಾನು ಕಂಡಿಲ್ಲವೆಂದುಕೊಂಡಿದ್ದೀಯ.

ಡಾಕ್ಟರು ಅವಳಿಗೆ ಹೇಳಿದರು, "ಪದವಿ ಮುಗಿಸಿರ್ಬೇಕು ಅಂತೇನಿಲ್ಲ ಕಣಮ್ಮ, ಒಂದು ದಿನ ಬೆಂಚಿನ ಮೇಲೆ ಕೂತಿದ್ರೂ ನಮ್ಮೋರೇ. ನಮ್ಮೋರ ಮಕ್ಕಳಾದ್ರೆ ಮೂವರಲ್ಲಿ ಒಬ್ರನ್ನ ತಗೋತಾರೆ, ಹೊರಗಿನೋರಾದ್ರೆ ಎಂಟರಲ್ಲಿ ಒಬ್ರು. ನಾನೊಂದು ಸಾಲು ಬರೀಲಾ?" ಒಡೆಟ್ ಅಂದಳು, "ಬೇಡಿ ಡಾಕ್ಟ್ರೇ. ಅಪ್ಪ ಬೇಡ ಅಂದಿದಾರೆ." ಒಳಗೆ ನುಗ್ಗಿ "ಬರೀರಿ!" ಎಂದು ಕೂಗಬೇಕೆನಿಸಿತು, ದೇವರಾಣೆ. ಜಪಸರ ಹಿಡಿದು ನಾಲಿಗೆ ಕಚ್ಚಿಕೊಂಡೆ. ದಾರಿಯುದ್ದಕ್ಕೂ ಅವಳೊಡನೆ ಜಗಳವಾಡಿದೆ. "ಬೇರೆಯೋರ ಮಕ್ಕಳು ಅಪ್ಪನ ಕೋಟು ಹಾಕ್ಕೊಂಡು ಬೆಚ್ಚಗೆ ಒಳಗೆ ಹೋಗ್ತಾವೆ, ನೀನು ಚಳೀಲಿ ನಡುಗ್ತಾ ನಿಂತಿರು!" ಅದಕ್ಕೆ ಅವಳು, "ಕೋಟು ಅಪ್ಪಂದಮ್ಮಾ. ಕೊಡಲ್ಲ ಅಂದ್ರಲ್ಲ," ಎಂದಳು.

ಆಮೇಲೆ ಪೂಜೆಯ ಹೊತ್ತಿನಲ್ಲೂ ನನಗೆ ಇದೇ ಯೋಚನೆ. ಅವರದು ಅನ್ಯಾಯ ಎಂದು ಬಯ್ಯೋಣವೆಂದರೆ, ಬಿತ್ತನೆ ಆಲೂಗಡ್ಡೆ ಕೊಳ್ಳುವಾಗ ನಾವೂ ಯಾವ ಹೊಲದ್ದು ಎಂದು ಕೇಳಿಯೇ ಕೊಳ್ಳುತ್ತೇವೆ. ನಮ್ಮ ಇಗರ್ಜಿಯ ಮುಂದಿನ ಬೆಂಚಿನಲ್ಲಿ ಇವತ್ತಿಗೂ ಅದೇ ನಾಲ್ಕು ಮನೆಯವರು ಕೂರುತ್ತಾರೆ. ಆದರೆ ಮಕ್ಕಳೇನು ಆಲೂಗಡ್ಡೆಯೇ? ಅದೂ ಅಲ್ಲದೆ, ನಮ್ಮ ಹೊಲದಲ್ಲಿ ಹೋದ ವರ್ಷ ಎಲ್ಲಕ್ಕಿಂತ ಚೆನ್ನಾಗಿ ಬಂದ ಸಾಲು ಯಾವುದು? ಹೆಸರು ಅಳಿಸಿಹೋಗಿದ್ದ ಚೀಲದ್ದು. ನೀನೇ ಟೊಪ್ಪಿಗೆ ತೆಗೆದು ತಲೆ ಕೆರೆದುಕೊಂಡೆ. ಎಂಟರಲ್ಲಿ ಒಬ್ಬಳಾಗಿ ಹೋಗಿದ್ದಾಳೆ ನಿನ್ನ ಮಗಳು, ಹೆಗಲು ಕೇಳದೆ!

ಲಕೋಟೆಯಲ್ಲಿ ಒಂದು ಒಪ್ಪಿಗೆಯ ಕಾರ್ಡು ಇದೆ. ಮೇ ಒಂದರೊಳಗೆ ಅವರಿಗೆ ತಲುಪಬೇಕು. ನನ್ನ ರುಜು ಹಾಕಿದರೂ ನಡೆಯುತ್ತದಂತೆ, ಆದರೆ ಒಡೆಟ್ ಬಿಡಲಿಲ್ಲ. "ಅಪ್ಪ ರುಜು ಹಾಕಿದ್ರೆ ಹೋಗ್ತೀನಿ, ಇಲ್ದಿದ್ರೆ ಇಲ್ಲ," ಎನ್ನುತ್ತಾಳೆ. ಕಾರ್ಡನ್ನು ಇದರ ಜೊತೆಗೇ ಇಟ್ಟಿದ್ದೇನೆ. ಹೊಗೆಯ ಹತ್ತಿರ ಇಡಬೇಡ.

ನಾಡಿದ್ದು ಭಾನುವಾರ, ಕ್ರಿಸ್ತ ಎದ್ದ ಪಾಸ್ಖದ ದಿನ, ಸೂರ್ಯ ಹುಟ್ಟುವ ಮೊದಲು ನೋವು ವಾಸಿ ಮಾಡುವ ಹೊಳೆಯ ನೀರು ತರುತ್ತೇವೆ, ನಿನ್ನ ಸೊಂಟಕ್ಕೆಂದು ಒಂದು ಸೀಸೆ ಎತ್ತಿಡುತ್ತೇನೆ. ಶಿಬಿರದವರಿಗೆಲ್ಲ ನಮಸ್ಕಾರ ಹೇಳು. ಮಾತೆ ಮರಿಯಮ್ಮ ನಿನ್ನನ್ನು ಬೆಂಕಿಯಿಂದಲೂ ಹಠದಿಂದಲೂ ಕಾಯಲಿ.

ನಿನ್ನ
ಲಿಯೊನಿ

ತಾ.ಕ.: ಇವತ್ತು ಇಗರ್ಜಿಯ ಗಂಟೆ ಬಾರಿಸುವಂತಿಲ್ಲ, ಆಗಲೇ ಮರದ ಗಿಲಕಿ ಆಡಿಸುತ್ತಿದ್ದಾರೆ, ಓಡಬೇಕು. ಹೇಳಬೇಕಾದದ್ದನ್ನು ಹೇಡಿಯ ಹಾಗೆ ಕೊನೆಗೆ ಉಳಿಸಿಕೊಂಡೆ. ಆ ಅರ್ಜಿಯಲ್ಲಿ ಎರಡು ಪುಟದ ಪ್ರಬಂಧವನ್ನೂ ಕೇಳಿದ್ದರು. ಒಡೆಟ್ ನಿನ್ನ ಆಲೂಗಡ್ಡೆ ರಜೆಯ ಬಗ್ಗೆ ಬರೆದಿದ್ದಾಳೆ. ನಿನ್ನೆ, ಪವಿತ್ರ ಗುರುವಾರ, ಪೂಜೆಯಿಂದ ಬಂದ ಮೇಲೆ ಅಳುತ್ತ ನನ್ನ ಕೈಗೆ ಪ್ರತಿ ಕೊಟ್ಟಳು. ಅವಳಿಗೆ ಆ ಕಥೆ ಹೇಳಿದವಳು ನಾನೇ, ಎರಡು ವರ್ಷದ ಹಿಂದೆ ಹೊಲದ ಸಾಲಿನಲ್ಲಿ ಜೊತೆಗೆ ಆಲೂಗಡ್ಡೆ ಆಯುವಾಗ. ಸಿಟ್ಟಾಗುವುದಿದ್ದರೆ ನನ್ನ ಮೇಲಾಗು. "ನನ್ನಪ್ಪ ಪಾಠ ತಪ್ಪಿಸಲಿಲ್ಲ, ಕೊಯ್ಲು ತಪ್ಪಿಸಲಿಲ್ಲ ಅಷ್ಟೇ," ಎಂದು ಬರೆದಿದ್ದಾಳೆ. ಕಾಲೇಜಿನ ಪತ್ರದ ಕೆಳಗೆ ಅಲ್ಲಿನ ದೊಡ್ಡವರು ಕೈಯಲ್ಲೇ ಬರೆದ ಸಾಲನ್ನು ಇದ್ದ ಹಾಗೇ ಇಳಿಸುತ್ತೇನೆ: "ನಮ್ಮ ಪುಸ್ತಕದಲ್ಲಿ ನಿಮ್ಮ ತಂದೆಯ ಹೆಸರಿನ ಮುಂದೆ 'ಕಾರಣವಿಲ್ಲದೆ ಗೈರುಹಾಜರು' ಎಂದಿತ್ತು. ಅದನ್ನು ಹೊಡೆದು 'ಕೊಯ್ಲಿಗೆ ಹೋಗಿದ್ದರು' ಎಂದು ತಿದ್ದಿದ್ದೇವೆ." ಚೌಕದಲ್ಲಿ ನೀನಿಲ್ಲ, ಎರಡು ಪುಟದ ತುಂಬ ನೀನೇ. ಎಂಟರಲ್ಲಿ ಒಬ್ಬಳು ಎಂದು ಮೇಲೆ ಜಂಬ ಕೊಚ್ಚಿದೆ. ಹೋದದ್ದು ನಿನ್ನ ಹೆಗಲ ಮೇಲೋ ಅವಳ ಕಾಲ ಮೇಲೋ, ನನ್ನಿಂದ ಬಿಡಿಸಲಾಗದು. ನೀನು ಏನನ್ನುತ್ತೀಯೋ ಎಂಬ ಭಯದಲ್ಲಿ ಅವಳು ಇವತ್ತಿನ ಒಂದು ಹೊತ್ತನ್ನೂ ಉಣ್ಣಲಿಲ್ಲ. ಬರುವ ಗುರುವಾರ ರೆಜಿಸ್‌ನ ಲಾರಿ ಪಾಕದ ಪೀಪಾಯಿ ತುಂಬಿಕೊಂಡು ವಾಪಸು ಬರುತ್ತದೆ, ಉತ್ತರ ಅವನ ಕೈಗೇ ಕೊಡು. ಅಂಗಡಿಯ ಮುಂದೆ ಲಾರಿ ನಿಂತಾಗ ಅದನ್ನು ಇಸಿದುಕೊಂಡು ಬರಲು ನಾನು ಹೋಗುವುದಿಲ್ಲ, ಒಡೆಟ್‌ಳನ್ನೇ ಕಳಿಸುತ್ತೇನೆ. ಕಾರ್ಡೊಂದನ್ನೇ ಹಾಕಿ ಕಳಿಸಬೇಡ, ಅವಳಿಗೆಂದು ನಾಲ್ಕು ಹಾಳೆ ಬರೆ. ತೆಳ್ಳಗಿನ ಲಕೋಟೆ ಕೈಗೆ ಬಂದರೆ ಈ ಊರಿನ ಮಕ್ಕಳು ಒಡೆಯುವ ಮೊದಲೇ ಅಳುತ್ತಾರೆ.