ದುಪ್ಪಟಿಯ ಹಿಂದೆ ಹಾಡಿದ ನಿನ್ನ ಮೊಮ್ಮಗಳು

ಅಣ್ಣಯ್ಯಾ,

ನೀನು ಓದುತ್ತೀಯೋ ಇಲ್ಲವೋ, ನಾನಂತೂ ಬರೆಯುತ್ತೇನೆ. ಈ ಮನೆಯಲ್ಲಿ ಕನ್ನಡ ಅಕ್ಷರ ಓದಬಲ್ಲವರು ನಾವಿಬ್ಬರೇ ಇದ್ದದ್ದು. ಐದನೇ ಕ್ಲಾಸಿಗೆ ಸ್ಕೂಲು ಬಿಟ್ಟವಳಿಗೆ ಇದ್ದಿಲು ಹಿಡಿಸಿ ಗೋಡೆಯ ಮೇಲೆ ಅ ಆ ಬರೆಸಿದವನು ನೀನು. ಮಿಕ್ಕವರೆಲ್ಲ ಈ ಸೀಮೆಯ ತಮಿಳು ಸ್ಕೂಲಿನವರು, ಬಾಯಲ್ಲಿ ಕನ್ನಡ, ಕೈಯಲ್ಲಿ ತಮಿಳು. ಆದ್ದರಿಂದ ಈ ಕಾಗದವನ್ನು ಟಿವಿ ಮುಂದೆ ಇಟ್ಟರೂ ಯಾರಿಗೂ ತಿಳಿಯುವುದಿಲ್ಲ, ಯಾರನ್ನು ಬೇಕಾದರೂ ಬೈಯಬಹುದು. ಮೊದಲು ನಿನ್ನನ್ನೇ ಬೈಯುತ್ತೇನೆ. ನೀನು ಹೋಗಿ ಎರಡನೇ ವರ್ಷದ ಎಡೆಯೂ ಆಯಿತು. ಹೋಗುವವನು ನಿನ್ನ ಆ ಬೀದಿಯಾಟದ, ಆ ಕೂತಿನ ಹುಚ್ಚನ್ನೂ ಜೊತೆಯಲ್ಲೇ ತೆಗೆದುಕೊಂಡು ಹೋಗಬಾರದಿತ್ತೆ? ಮೊಮ್ಮಗಳ ತಲೆಗೆ ಕಟ್ಟಿ ಹೋಗಿದ್ದೀಯ.

ಮೇ ತಿಂಗಳಲ್ಲಿ ಜಗಲಿಯ ಮೇಲೆ ಹುಣಸೆಹಣ್ಣಿನ ಬೀಜ ಬಿಡಿಸುತ್ತಾ ಕೂತಿದ್ದೆ. ಪವಿತ್ರ ಬಂದು ಎದುರಿಗೆ ಕುಕ್ಕರಿಸಿದಳು. ಪ್ಲಸ್ ಟೂ ರಿಸಲ್ಟು ಬಂದಿತ್ತು, ಒಳ್ಳೆಯ ಮಾರ್ಕೇ ತೆಗೆದಿದ್ದಳು.

"ಅಜ್ಜಿ, ನಾನು ಮ್ಯೂಸಿಕಲ್ ಥಿಯೇಟರ್ ಓದ್ತೀನಿ."

"ಅಂಗಂದ್ರೆ?"

"ಹಾಡು, ಕುಣಿತ, ನಾಟಕ, ಮೂರೂ ಸೇರ್ಸಿ ಕಲಿಸ್ತಾರೆ. ಯೂನಿವರ್ಸಿಟೀಲಿ. ಡಿಗ್ರಿ ಕೊಡ್ತಾರೆ."

"ಹಾಡ್ತಾ ಹಾಡ್ತಾ ಕುಣೀತಾರಾ?"

"ಊಂ."

"ನಡ್ನಡುವೆ ಮಾತಾಡ್ತಾರಾ?"

"ಊಂ ಅಜ್ಜಿ."

"ಮೊಕಕ್ಕೆ ಬಣ್ಣ?"

"ಆಕ್ತಾರೆ."

"ಅದು ಕೂತಲ್ದೆ ಇನ್ನೇನ್ಲೇ? ನಿಮ್ಮಜ್ಜ ಬೀದೀಲಿ ಅದನ್ನೇ ಮಾಡಿ ಸತ್ತ. ಅವ್ನಿಗೆ ಯಾವನು ಡಿಗ್ರಿ ಕೊಟ್ಟ?"

ನಕ್ಕಳು. ನಾನೇನು ನಗಿಸುವುದಕ್ಕೆ ಹೇಳಿದೆನೆ? ಬೀಜದ ಮೊರ ಅವಳ ಕೈಗೆ ಕೊಟ್ಟು ಎದ್ದು ಹೋದೆ.

ನಿನ್ನ ಮಗ ಮಾದೇಶ ಆ ದಿನ ಪಾಲಕೋಡಿನ ಮಾರ್ಕೆಟ್ಟಿನಿಂದ ಬಂದವನು ಟೊಮೇಟೊ ಕ್ರೇಟು ಕೂಡ ಇಳಿಸಲಿಲ್ಲ. ಗಾಡಿಯ ಪಕ್ಕದಲ್ಲೇ ನಿಂತು ಕೂಗಾಡಿದ. "ಬಿ.ಕಾಂ. ಓದು, ಇಲ್ಲ ನರ್ಸಿಂಗ್ ಓದು. ನಮ್ಮಪ್ಪನಂಗೆ ಬೀದೀಲಿ ಕುಣಿಯಕ್ಕೆ ಯೂನಿವರ್ಸಿಟಿ ಬೇಕಾ?" ಎಂದ. ಅವಳು ಊಟ ಬಿಟ್ಟಳು. ಅವನು ಮಾತು ಬಿಟ್ಟ. ಸೊಸೆ ಸೆಲ್ವಿ ಇಬ್ಬರ ಮಧ್ಯೆ ತಟ್ಟೆ ಹಿಡಿದು ಓಡಾಡಿ ಓಡಾಡಿ ಸಾಕಾಗಿ ನನ್ನ ಹತ್ತಿರ ಬಂದು ಅತ್ತಳು. ಕೊನೆಗೆ ನಿನ್ನ ಮಗ ಕಂಡುಕೊಂಡ ದಾರಿ ನೋಡು: "ಅತ್ತೆ ಜೊತೇಲಿ ಓಗಿ ನೋಡ್ಕಂಡ್ ಬರ್ಲಿ. ಎಲ್ಲಿ ಸೀಟ್ ಸಿಕ್ಕುತ್ತೋ ಸಿಕ್ಲಿ. ಯಾವ್ದು ಅಂತ ಅತ್ತೆ ಏಳ್ತಾಳೆ." ಆಹಾ! ಬದನೆಕಾಯಿ ಆರಿಸು ಅನ್ನಲಿ, ಹುಳುಕು ಯಾವುದು, ಗಟ್ಟಿ ಯಾವುದು ಹೇಳುತ್ತೇನೆ. ಯೂನಿವರ್ಸಿಟಿಯನ್ನು ಎಲ್ಲಿ ಹಿಸುಕಿ ನೋಡಲಿ?

ನೀನು ಅಂಗಳದಲ್ಲಿ ಹುಡುಗರಿಗೆ ಪಾಠ ಹೇಳುತ್ತಿದ್ದಾಗ ಅವಳು ನೀರಿನ ತೊಟ್ಟಿಯ ಮೇಲೆ ಕೂತಿರುತ್ತಿದ್ದಳಲ್ಲ, ನೆನಪಿದೆಯೆ? ರಾಣಿಯ ಪಾತ್ರವನ್ನೂ ಗಂಡಸರೇ ಕಟ್ಟಬೇಕು, ಹೆಣ್ಣುಮಕ್ಕಳಿಗೆ ಕೂತಾಟ ಕಲಿಸುವುದಿಲ್ಲ ಅಂದಿದ್ದವನು ನೀನು. ಸರಿ, ಕಲಿಸಲಿಲ್ಲ. ಅವಳು ಹಾಗೇ ಕದ್ದು ಕಲಿತಳು. ಕಲಿತದ್ದು ಬರೀ ಪದವನ್ನಲ್ಲ, ನಿನ್ನ ಗಂಟಲನ್ನೂ ಸೇರಿಸಿ ಕಲಿತಳು. ಮೈಕಿಲ್ಲದೆ, ಚಾಪೆ ಹಾಸಿಕೊಂಡು ಕಟ್ಟಕಡೆಗೆ ಕೂತವನಿಗೂ ಕೇಳಿಸಬೇಕು ಅಂತ ಕುತ್ತಿಗೆಯ ನರ ಉಬ್ಬಿಸಿ ಕೂಗುತ್ತಿದ್ದೆಯಲ್ಲ, ಅದೇ ರೀತಿ. ಇನ್ನೊಂದನ್ನೂ ಕಲಿತಿದ್ದಳು. ಪಾತ್ರಧಾರಿ ಸುಮ್ಮನೆ ಬಂದು ನಿಲ್ಲುವ ಹಾಗಿಲ್ಲ. ಇಬ್ಬರು ತೆರೆ ಹಿಡಿಯಬೇಕು, ಅದರ ಹಿಂದೆ ನಿಂತು ತಾನು ಯಾರು, ಎಲ್ಲಿಂದ ಬಂದೆ ಅಂತ ಹಾಡಿ ಮುಗಿಸಬೇಕು, ಆಮೇಲೆ ತೆರೆ ಇಳಿಯಬೇಕು. ಅಲ್ಲಿಯವರೆಗೆ ಜನಕ್ಕೆ ಮುಖ ಕಾಣಬಾರದು. ಇದರಿಂದ ನನಗೆ ಎಂಥ ಫಜೀತಿ ಬಂತು ಅಂತೀಯ!

ಮೊದಲು ಹೋದದ್ದು ಚೆನ್ನೈಗೆ, ಸೀಟು ಬೇಕಾದರೆ ಅಲ್ಲಿ ಹಾಡಿ ತೋರಿಸಬೇಕಂತೆ. ಮೊರಪ್ಪೂರಿನಲ್ಲಿ ರೈಲು ಹತ್ತಿದಾಗ ಇವಳ ಚೀಲ ಏಕೆ ಇಷ್ಟು ಉಬ್ಬಿದೆ ಅಂತ ಕೇಳಿದ್ದಕ್ಕೆ, ಅಲ್ಲಿ ನೋಡುವೆಯಂತೆ ಅಂದಳು. ಅಲ್ಲಿ ಗೋಡೆಯೆಲ್ಲ ಕನ್ನಡಿ, ಚಳಿ ಹಿಡಿಸುವ ದೊಡ್ಡ ಕೋಣೆ. ಮೇಜಿನ ಹಿಂದೆ ಮೂವರು. ಇವಳ ಹೆಸರು ಕರೆದರು. ಇವಳು ಚೀಲದಿಂದ ನಮ್ಮ ಮನೆಯ ದುಪ್ಪಟಿ ಎಳೆದಳು! ನೀಲಿ ಚೌಕದ್ದು, ನಾನು ಹೊದೆಯುವುದು.

"ಅಜ್ಜಿ, ಈ ಕಡೆ ಹಿಡ್ಕೋ."

"ಏನ್ಲೇ ಇದು? ಮಾನ ಕಳೀತೀಯಾ?"

"ಮೇಲಕ್ಕೆ ಹಿಡಿ ಅಜ್ಜಿ, ತಲೆ ಕಾಣ್ತೈತೆ."

ಇನ್ನೊಂದು ತುದಿಯನ್ನು ಹೆಸರು ಕೂಗುತ್ತಿದ್ದ ಗುಮಾಸ್ತನ ಕೈಗೆ ತುರುಕಿದಳು. ಅವನೂ ಪಾಪ ಹಿಡಿದುಕೊಂಡ. ಬೇರೆ ಮಕ್ಕಳೆಲ್ಲ ಚಡ್ಡಿ ಬನಿಯನ್ನಿನಂಥ ಬಟ್ಟೆ ಹಾಕಿ ಸಾಲಾಗಿ ಕೂತು ನಗುತ್ತಿದ್ದಾರೆ. ನಾನು ತೋಳು ನೋಯಿಸಿಕೊಂಡು ನಿಂತಿದ್ದೇನೆ. ಇವಳು ಹಿಂದಿನಿಂದ ನಿನ್ನ ರಾಣಿಯ ಪ್ರವೇಶದ ಪದ ಎತ್ತಿದಳು ನೋಡು... ನಗು ನಿಂತಿತು. ಮೇಜಿನವರಲ್ಲಿ ಒಬ್ಬ, ಹೊತ್ತಾಗುತ್ತದೆ, ಮುಖ ತೋರಿಸಮ್ಮ ಎಂದ. ಪಕ್ಕದಲ್ಲಿ ನರೆಗೂದಲು ಕತ್ತರಿಸಿಕೊಂಡ ಒಬ್ಬಳು ಮೇಡಂ, ಹಾಡು ಕಲಿಸುವವಳಂತೆ, ಬೇಡ, ತೆರೆ ಹಾಗೇ ಇರಲಿ ಎಂದಳು. ಕಣ್ಣು ಮುಚ್ಚಿಕೊಂಡಳು. ಪೂರ್ತಿ ಕೇಳಿದಳು. ಆಮೇಲೆ, ಇದನ್ನೇ ಈಗ ಮಗುವಿಗೆ ಜೋಗುಳ ಹಾಡುವ ಹಾಗೆ ಮೆಲ್ಲಗೆ ಹಾಡು ಎಂದಳು. ಬರಲಿಲ್ಲ ಅಣ್ಣಯ್ಯ. ಬರೀ ಗಾಳಿ ಬಂತು. ತೂತು ಬಿದ್ದ ಸೈಕಲ್ ಟ್ಯೂಬಿನ ಹಾಗೆ ಉಸ್ ಅಂದಿತು.

ದುಪ್ಪಟಿ ಇಳಿಸಿದ ಮೇಲೆ ಆ ಮೇಡಂ ತಮಿಳಿನಲ್ಲಿ ನನ್ನನ್ನು ಕೇಳಿದಳು, ಇದು ಯಾರ ಹಾಡಿಕೆ ಎಂದು. ನಮ್ಮಣ್ಣನದು ಎಂದೆ. ಅವರು ಈಗಲೂ ಹಾಡುತ್ತಾರೆಯೆ? ಸತ್ತುಹೋದ ಎಂದೆ. ಸಾಯುವವರೆಗೂ ಹಾಡುತ್ತಿದ್ದರೇನು? ನಾನು ದುಪ್ಪಟಿ ಮಡಚತೊಡಗಿದೆ. ಆಗ ಅವಳು, ಹೀಗೇ ಹಾಡಿದರೆ ಮೂವತ್ತು ತುಂಬುವ ಹೊತ್ತಿಗೆ ಈ ಹುಡುಗಿಗೆ ದನಿ ಇರುವುದಿಲ್ಲ ಎಂದಳು. ನನಗೆ ಮೈಯೆಲ್ಲ ಉರಿಯಿತು. ನಮ್ಮಣ್ಣ ಹಾಡಿದರೆ ನಾಲ್ಕೂರಿಗೆ ಕೇಳುತ್ತಿತ್ತು, ನಿಮ್ಮ ಹಾಗೆ ಕೆನ್ನೆಗೆ ಮೈಕು ಅಂಟಿಸಿಕೊಂಡು ಗೊಣಗುತ್ತಿರಲಿಲ್ಲ ಎಂದೆ. ಅವಳು ಕೋಪಿಸಿಕೊಳ್ಳಲಿಲ್ಲ. ನಂಬುತ್ತೇನೆ ಅಮ್ಮ, ಮುಖ ನೋಡುತ್ತಾ ಕೇಳಿದ್ದರೆ ನನಗೂ ಇದು ಗೊತ್ತಾಗುತ್ತಿರಲಿಲ್ಲ, ಅಷ್ಟು ಚೆನ್ನಾಗಿ ಹಾಡಿದಳು ಎಂದಳು. ಸೀಟು ಕೊಟ್ಟರು. ಆದರೆ ಇಲ್ಲಿಗೆ ಬಂದರೆ ಈ ಗಂಟಲು ಬಿಡಬೇಕು, ಉಸಿರಾಡುವುದರಿಂದ ಶುರುಮಾಡಬೇಕು ಎಂದರು. ರೈಲಿನಲ್ಲಿ ಬರುವಾಗ ದಾರಿಯುದ್ದಕ್ಕೂ ಬೈದೆ. ಹುಟ್ಟಿದಾಗಿನಿಂದ ಉಸಿರಾಡುತ್ತಿರುವವಳಿಗೆ ಉಸಿರಾಡುವುದನ್ನು ಕಲಿಸುತ್ತಾರಂತೆ!

ಎರಡನೆಯ ಯೂನಿವರ್ಸಿಟಿಗೆ ಸೇಲಂನಲ್ಲಿ ಬಸ್ಸು ಬದಲಿಸಿ ದಕ್ಷಿಣಕ್ಕೆ ಹೋದೆವು. ಅಲ್ಲಿಯ ಮರ್ಯಾದೆ ಏನು ಹೇಳಲಿ! ದುಪ್ಪಟಿ ಕಂಡದ್ದೇ ತಡ, ಮೇಷ್ಟರುಗಳೇ ಓಡಿ ಬಂದು ಹಿಡಿದರು. ಫೋನು ಎತ್ತಿ ಫೋಟೋ ತೆಗೆದರು. ದುಪ್ಪಟಿಗೆ ಒಂದು ಫೋಟೋ, ನನಗೆ ಒಂದು, ಇಬ್ಬರನ್ನೂ ಸೇರಿಸಿ ಇನ್ನೊಂದು. ಒಂದು ಪದ ಸಾಲದು ಅಂತ ಇನ್ನೊಂದು, ಮತ್ತೊಂದು ಹಾಡಿಸಿದರು. ಚಪ್ಪಾಳೆ. ಸೀಟು ಅಲ್ಲೇ ಕೊಟ್ಟರು, ನನಗೆ ಶಾಲು ಹೊದಿಸಿದರು. ದೊಡ್ಡವರು ಒಬ್ಬರು ಕೈ ಮುಗಿದು, ಇವಳಿಗೆ ನಾವು ಕಲಿಸುವುದು ಏನಿದೆ, ಇವಳೇ ನಮಗೆ ಕಲಿಸಬೇಕು ಎಂದರು. ನನ್ನ ಕಣ್ಣಲ್ಲಿ ನೀರು ಬಂತು, ಸುಳ್ಳು ಏಕೆ ಹೇಳಲಿ. ನಿನಗೆ ಯಾವನೂ ಹೊದಿಸದ ಶಾಲು ನನ್ನ ಹೆಗಲ ಮೇಲಿತ್ತು. ಬಸ್ಸು ನಾಮಕ್ಕಲ್ ದಾಟುವ ಹೊತ್ತಿಗೆ ತಲೆಗೆ ಹೊಳೆಯಿತು. ಕಲಿಸುವುದು ಏನೂ ಇಲ್ಲ ಅಂದಮೇಲೆ ಮೂರು ವರ್ಷ ಇವಳನ್ನು ಇಟ್ಟುಕೊಂಡು ಏನು ಮಾಡುತ್ತಾರೆ? ಕೇಳೋಣವೆಂದು ತಿರುಗಿದೆ. ಇವಳು ಬಾಯಿ ತೆರೆದಳು, ದನಿಯೇ ಹೊರಡಲಿಲ್ಲ. ಕೈಸನ್ನೆ ಮಾಡಿ ನೀರು ಕೇಳಿದಳು.

ಮನೆಗೆ ಬಂದ ಮೇಲೆ ಶುರುವಾಯಿತು ನೋಡು. ನಿನ್ನ ಮಗ ಇದ್ದಕ್ಕಿದ್ದ ಹಾಗೆ ಕಲಾಪ್ರೇಮಿಯಾಗಿಬಿಟ್ಟಿದ್ದ! ಶಾಲಿನ ಫೋಟೋವನ್ನು ಮಾರ್ಕೆಟ್ಟಿನವರಿಗೆಲ್ಲ ಕಳಿಸಿ, ನಮ್ಮಪ್ಪನ ಪೆರುಮೈ, ಅಂದರೆ ಹಿರಿಮೆ, ಅಂತ ಬರೆದುಕೊಂಡಿದ್ದ. "ಮರ್ಯಾದೆ ಕೊಟ್ಟೋರ ಅತ್ರ ಓಗ್ಬೇಕು ಅತ್ತೆ. ಅಷ್ಟೇ," ಎಂದ. ನಿನ್ನ ತಂಡದ ಮೃದಂಗದ ಮುನಿಯಪ್ಪ ನಲ್ಲಂಪಳ್ಳಿಯಿಂದ ಬಂದು ಜಗಲಿ ಬಿಟ್ಟು ಏಳಲಿಲ್ಲ. ಅವನಿಗೆ ನೀನು ಇಂದಿಗೂ ವಾದ್ಯಾರ್, ಮೇಷ್ಟ್ರು. "ಚೆನ್ನೈಯೋರು ವಾದ್ಯಾರ್ ಗಂಟ್ಲನ್ನೇ ಅಳಿಸಾಕ್ತಾರಂತೆ. ನೀನು ನೋಡ್ಕಂಡು ಕುಂತಿರ್ತೀಯಾ ತಾಯಿ? ವಾದ್ಯಾರ್ ಸತ್ ಮ್ಯಾಲೂ ಸಾಯಿಸ್ತೀರಾ?" ಎಂದ. ಎರಡು ಕಡೆಯೂ ಸೋಮವಾರದೊಳಗೆ ಹೇಳಬೇಕು. ಎಲ್ಲರೂ ಮಾತಾಡುವವರೇ. ಆ ಹುಡುಗಿಯನ್ನು ಮಾತ್ರ ಒಬ್ಬರೂ ಕೇಳಲಿಲ್ಲ. ನಾನು ಹಿತ್ತಲಿಗೆ ಹೋದರೆ ಶುಂಠಿ ಅಗಿಯುತ್ತಾ ಕೂತಿದ್ದಾಳೆ.

"ನಿಂಗೆ ಯಾವ್ದು ಬೇಕು ಲೇ? ಬಾಯ್ಬಿಟ್ಟು ಹೇಳು."

"ನಂಗೊತ್ತಿಲ್ಲ ಅಜ್ಜಿ." ಪಿಸುಗುಟ್ಟಿದಳು. "ಆ ಮೇಡಂ ಹೇಳಿದ್ದು ನಿಜ ಅಂತ ನಂಗೂ ಅನ್ನಿಸ್ತೈತೆ. ಹಾಡಿದ್ರೆ ನೋಯ್ತೈತೆ. ವರ್ಷದಿಂದ ನೋಯ್ತೈತೆ. ಆದ್ರೆ ಅಲ್ಲಿಗೆ ಹೋದ್ರೆ ಅಜ್ಜ ಹಾಡಿದ್ದು ತಪ್ಪು ಅಂದಂಗೆ ಆಗಲ್ವಾ?"

ನನಗೆ ಆಗ ನಿನ್ನ ಕಡೆಯ ದಿನಗಳು ಕಣ್ಣಿಗೆ ಕಟ್ಟಿದವು. ನೀರು ಬೇಕಾದರೆ ನೀನು ಸ್ಟೀಲ್ ಲೋಟವನ್ನು ಮಂಚದ ಕಂಬಿಗೆ ಬಡಿಯುತ್ತಿದ್ದೆ. ಹೆಂಡತಿ ತೀರಿಕೊಂಡ ದಿನ ಅವಳ ಹೆಸರು ಹಿಡಿದು ಅಳುವುದಕ್ಕೂ ನಿನಗೆ ದನಿ ಇರಲಿಲ್ಲ. ಬಾಯಿ ತೆರೆದುಕೊಂಡು ಸುಮ್ಮನೆ ಕೂತಿದ್ದೆಯಲ್ಲ... ಕೊಟ್ಟವನೇ ಕಿತ್ತುಕೊಂಡ ಅಂತ ಊರೆಲ್ಲ ದೇವರ ಮೇಲೆ ಹಾಕಿತು. ಅದು ಸವೆದದ್ದು, ಹಾಡಿ ಹಾಡಿ ಸವೆದುಹೋದದ್ದು ಅಂತ ನಮಗೆ ಯಾರು ಹೇಳಿದರು? ಚಪ್ಪಾಳೆ ತಟ್ಟಿದ ಅಷ್ಟು ಜನರಲ್ಲಿ ಒಬ್ಬನಾದರೂ ನಿನ್ನ ಗಂಟಲಿಗೆ ನೋವೇ ಅಂತ ಕೇಳಿದ್ದನೆ? ಆ ನರೆಗೂದಲಿನವಳು ನಿನ್ನನ್ನು ನೋಡಿದವಳೂ ಅಲ್ಲ. ದುಪ್ಪಟಿಯ ಆಚೆ ಕೂತು ಕೇಳಿದ್ದಕ್ಕೇ ಅವಳಿಗೆ ಗೊತ್ತಾಯಿತು.

"ತಪ್ಪಲ್ಲ ಕಣ್ಲೇ," ಎಂದೆ. "ಅವನ ಕಾಲ್ದಾಗೆ ಮೈಕ್ ಇರ್ಲಿಲ್ಲ, ಕೂಗ್ದ. ನಿಂಗೇನು ರೋಗ? ಚೆನ್ನೈಗೆ ಓಗು. ನಿಮ್ಮಪ್ಪಂಗೆ ನಾನೇಳ್ತೀನಿ."

ಹೇಳಿದೆ. ಮಾದೇಶ ಸಿಟ್ಟಿನಲ್ಲಿ ನೀನು ಕುಣಿಯುತ್ತಿದ್ದುದಕ್ಕಿಂತ ಚೆನ್ನಾಗಿ ಕುಣಿದ. ಶಾಲನ್ನು ಬೇಕಾದರೆ ನೀನೇ ಹೊದ್ದುಕೊ, ಹುಡುಗಿ ಚೆನ್ನೈಗೆ ಹೋಗುತ್ತಾಳೆ ಅಂದೆ. ಮುನಿಯಪ್ಪ ಅಂದಿನಿಂದ ನಮ್ಮ ಮನೆಯ ಕಾಫಿ ಕುಡಿಯುವುದಿಲ್ಲ. ಒಳ್ಳೆಯದೇ ಆಯಿತು, ಸಕ್ಕರೆ ಉಳಿಯಿತು.

ಇನ್ನು ನೀನು ಕೇಳದ ಸುದ್ದಿ. ಅವಳು ಸೇರಿದ ವಾರದಲ್ಲೇ ಆ ಮೇಡಂ ಡಾಕ್ಟರ ಹತ್ತಿರ ಕರೆದುಕೊಂಡು ಹೋದಳು. ಗಂಟಲೊಳಗೆ ಕ್ಯಾಮೆರಾ ಇಳಿಸಿ ನೋಡಿದರಂತೆ. ದನಿ ಹೊರಡುವ ಕಡೆ ಎರಡು ಗಂಟು, ಸಾಸಿವೆ ಕಾಳಿನಷ್ಟು. ಈಗಲೇ ಹಾಡು ನಿಲ್ಲಿಸಿದರೆ ಕರಗುತ್ತದೆ, ತಡ ಮಾಡಿದ್ದರೆ ಕೊಯ್ಯಬೇಕಾಗುತ್ತಿತ್ತು ಎಂದರಂತೆ. ಕೆಲವು ವಾರ ಹಾಡಬಾರದು, ಮಾತೂ ಆಡಬಾರದು ಎಂದು ಕಟ್ಟಪ್ಪಣೆ. ನಿನ್ನ ಮಗನ ಕೂಗಾಟ ನಿನಗೆ ಅಲ್ಲಿಗೂ ಕೇಳಿಸಿರಬೇಕು. "ಹಾಡಕ್ಕೆ ಕಳಿಸಿದ್ರೆ ಬಾಯಿಗೆ ಬೀಗ ಹಾಕವ್ರೆ ಅತ್ತೆ! ಬಾಯ್ ಮುಚ್ಕಂಡಿರಕ್ಕೆ ಮನೇಲಿ ಜಾಗ ಇರ್ಲಿಲ್ವಾ?" ಮುನಿಯಪ್ಪನ ಕಿವಿಗೆ ಬಿತ್ತು, ನಲ್ಲಂಪಳ್ಳಿಯವರೆಲ್ಲ ನಕ್ಕರು. ತಪ್ಪು ಆರಿಸಿದೆನೇನೋ ಅಂತ ನನಗೂ ಅನ್ನಿಸಿತು. ವೀಡಿಯೋದಲ್ಲಿ ಬರುತ್ತಿದ್ದಳು, ತಲೆ ಆಡಿಸುತ್ತಿದ್ದಳು, ಕೈ ಬೀಸುತ್ತಿದ್ದಳು. ನಾನೊಬ್ಬಳೇ ಬೈಯುತ್ತಾ ಕೂರುತ್ತಿದ್ದೆ. ಎದುರು ಮಾತು ಬರದಿದ್ದರೆ ಬೈಗುಳಕ್ಕೂ ರುಚಿ ಇಲ್ಲ, ಗೊತ್ತೆ?

ಮೊನ್ನೆ ಭಾನುವಾರ ಮತ್ತೆ ಫೋನು ಬಂತು. ಎಂದಿನ ಹಾಗೆ ಅಂದುಕೊಂಡು ನಾನು ಶುರುಮಾಡುವಷ್ಟರಲ್ಲಿ ಅವಳು "ಅಜ್ಜೀ" ಎಂದಳು. ಡಾಕ್ಟರು ಮಾತಾಡು ಅಂದರಂತೆ, ಗಂಟು ಕರಗಿದೆಯಂತೆ, ನಾಳೆಯಿಂದ ಮೆಲ್ಲಗೆ ಹಾಡಿಸುತ್ತಾರಂತೆ. ಅದನ್ನೆಲ್ಲ ಆಮೇಲೆ ಹೇಳಿದಳು. ನನಗೆ ಮೊದಲು ಕೇಳಿಸಿದ್ದು ಬರೀ ದನಿ. ಆ ದನಿ ಅವಳದಲ್ಲ ಅಣ್ಣಯ್ಯ. ಬಿರುಕಿಲ್ಲ, ಒರಟಿಲ್ಲ, ತೊಳೆದಿಟ್ಟ ಹಾಗಿತ್ತು. ಒಂದು ಕಾಲದಲ್ಲಿ ನೀನು ಮೀಸೆ ಮೂಡದ ಹುಡುಗ, ಕೂತಿನವರ ಸಂಗ ಇನ್ನೂ ಕಂಡಿರಲಿಲ್ಲ. ಹೊಲದ ಆಚೆ ಬದುವಿನಲ್ಲಿ ನಿಂತು, ಗಂಜಿ ತಗೊಂಡು ಬಾ ಪುಟ್ಟೀ ಅಂತ ನನ್ನನ್ನು ಕರೆಯುತ್ತಿದ್ದೆಯಲ್ಲ, ಆ ದನಿ. ನಿನಗೆ ಅಂಥದ್ದೊಂದು ಇತ್ತು ಅಂತ ನಿನ್ನ ಹೆಂಡತಿಗೆ ಗೊತ್ತಿರಲಿಲ್ಲ, ಮಗನಿಗೆ ಗೊತ್ತಿಲ್ಲ, ಮುನಿಯಪ್ಪನಿಗಂತೂ ಗೊತ್ತೇ ಇಲ್ಲ. ಕೇಳಿದವಳು ಉಳಿದಿರುವುದು ನಾನೊಬ್ಬಳು.

"ಯಾಕಜ್ಜಿ, ಇವತ್ತು ಬೈಯಲ್ವಾ?" ಎಂದಳು.

"ಬೈತೀನಿ ಇರು," ಅಂದೆ. "ಮೊದ್ಲು ಇನ್ನೊಂದ್ಸಲ ಕರಿ."

ನಿನ್ನ ತಂಗಿ,
ಪುಟ್ಟಿ