ಮಾವ ಇವತ್ತು ನಕ್ಕರು

ಅತ್ತೆ,

ನೀವು ಇದನ್ನು ಓದುವುದಿಲ್ಲವೆಂದು ಗೊತ್ತು. ಆದರೂ ಇವತ್ತಿನ ಸಂಗತಿಯನ್ನು ಮೊದಲು ನಿಮಗೇ ಹೇಳಬೇಕೆನಿಸಿತು.

ನೀವು ತೀರಿಕೊಂಡ ಮೇಲೆ ಮಾವ ಹೊಸಿಲು ದಾಟಿರಲಿಲ್ಲ. ಇವತ್ತು ನೀವು ದುಡಿದ ಕಾರ್ಖಾನೆಯ ಕ್ಯಾಂಟೀನಿನಲ್ಲಿ ಹಳೆಯ ಮೂಕಿ ಚಿತ್ರವೊಂದನ್ನು ತೋರಿಸುತ್ತಾರೆಂದು ತಿಳಿದು, ಬಲವಂತವಾಗಿ ಕರೆದುಕೊಂಡು ಹೋದೆ. ಚಿತ್ರದಲ್ಲೊಬ್ಬ ಬಡಪಾಯಿ ಕೆಲಸಗಾರ. ಓಡುವ ಬೆಲ್ಟಿನ ಮುಂದೆ ನಿಂತು ದಿನವಿಡೀ ಡಬ್ಬಗಳಿಗೆ ಮುದ್ರೆ ಒತ್ತುತ್ತಾನೆ. ಯಂತ್ರ ನಿಂತರೂ ಅವನ ಕೈ ನಿಲ್ಲದೆ, ಕೊನೆಗೆ ಮಾಲೀಕನ ಬೋಳುತಲೆಗೂ ಒಂದು ಮುದ್ರೆ ಬಿತ್ತು!

ಮಾವ ಎದ್ದೇ ನಿಂತರು. "ನಿಮ್ಮತ್ತೆನೂ ಹೀಗೇ ಕಣಮ್ಮ! ದಿನವೆಲ್ಲ ಬಾಟಲಿಗೆ ಮುಚ್ಚಳ ಹಾಕಿ ಬಂದು, ನಿದ್ದೆಗಣ್ಣಲ್ಲಿ ನನ್ನ ಮೂಗು ಹಿಡಿದು ತಿರುಗಿಸೋಳು!"

"ಸದ್ಯ, ಮೂಗು ಉಳೀತಲ್ಲ ಯಜಮಾನ್ರೇ," ಎಂದರು ಹಿಂದೆ ಕೂತಿದ್ದ ನಿಮ್ಮ ಗೆಳತಿ. ಮಾವ ಬಿದ್ದು ಬಿದ್ದು ನಕ್ಕರು. ಆಮೇಲೆ ಕಣ್ಣೊರೆಸಿಕೊಂಡು, "ಅವಳಿಗೆ ತೋರಿಸಬೇಕಿತ್ತು," ಎಂದರು. ನಾನು ಅವರ ಕೈ ಹಿಡಿದುಕೊಂಡೆ.

ಮದುವೆಯಾದ ಹೊಸದರಲ್ಲಿ ನಾನೂ ನಿಮ್ಮ ಜೊತೆ ಕಾರ್ಖಾನೆಯ ಬೆಲ್ಟಿನ ಕೆಲಸಕ್ಕೆ ಹೊರಟಿದ್ದೆ. "ಒಂದು ಮನೆಯಲ್ಲಿ ಒಬ್ಬಳ ಕೈ ಸವೆದರೆ ಸಾಕು, ನೀನು ಓದು," ಎಂದು ನನ್ನನ್ನು ನರ್ಸಿಂಗ್ ಶಾಲೆಗೆ ಸೇರಿಸಿದಿರಿ. ಎಷ್ಟೋ ಜನರ ನಾಡಿ ಹಿಡಿದ ನನ್ನ ಈ ಕೈ ನೀವು ಕೊಟ್ಟದ್ದು, ಅತ್ತೆ.

ಮನೆಗೆ ಬಂದೊಡನೆ ಮಾವ, "ಹಸಿವಾಗ್ತಿದೆ, ಬಿಸಿಬಿಸಿಯಾಗಿ ಏನಾದ್ರೂ ಮಾಡಮ್ಮ," ಎಂದರು. ನೀವು ಹೋದಮೇಲೆ ಅವರು ತಾವಾಗಿ ಊಟ ಕೇಳಿದ್ದು ಇದೇ ಮೊದಲು. ಒಲೆಯ ಮೇಲೆ ಅಕ್ಕಿಗೆ ನೀರಿಟ್ಟು ಬಂದು ಬರೆಯುತ್ತಿದ್ದೇನೆ. ಕುದಿ ಬಂತು, ಏಳುತ್ತೇನೆ.

ನಿಮ್ಮ ಸೊಸೆ